ಮೋರಿಸ್ ಕಾರಿನ ಎಡ ಬಾಗಿಲು

ನಮ್ಮ ಮನೆಯ ಫ್ರಿಜ್ಜಿನ ಮೇಲೆ ಒಂದು ಅಯಸ್ಕಾಂತ ಅಂಟಿಕೊಂಡಿದೆ. ಹಳೆಯ ರೂಪಾಯಿ ನಾಣ್ಯದಷ್ಟು ಅಗಲ, ಕಪ್ಪು ಬಣ್ಣ, ಬೆನ್ನಿಗೆ ಒಂದು ಚೂರು ಸ್ಯಾಟಿನ್ ಬಟ್ಟೆ. ಆ ಬಟ್ಟೆ ಒಂದು ಕಾಲದಲ್ಲಿ ಗುಲಾಬಿ ಹೂವಾಗಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ. ಅದರ ಅಡಿಯಲ್ಲಿ ಕರೆಂಟು ಬಿಲ್ಲು, ನನ್ನ ಬಿ.ಪಿ. ಮಾತ್ರೆಯ ಚೀಟಿ, ಮೊಮ್ಮಗಳು ಬಿಡಿಸಿದ ಒಂದು ಆನೆ, ಇಷ್ಟೂ ನೇತಾಡುತ್ತವೆ. ಅದು ಆನೆಯಾಗಿರದೆ ನಾನೇ ಆಗಿರಲೂಬಹುದು. ಅವಳನ್ನು ಕೇಳುವ ಧೈರ್ಯ ನನಗಿಲ್ಲ. ನನ್ನ ಹೆಂಡತಿ ಜುಲಿಯಾನಾ ಬಿಲ್ಲು ತೆಗೆದು ಅಯಸ್ಕಾಂತವನ್ನು ಮತ್ತೆ ಅಂಟಿಸುವಾಗ ‘ಟಕ್’ ಎಂದು ಸದ್ದಾಗುತ್ತದೆ. ಆ ಸದ್ದು ಕೇಳಿದಾಗಲೆಲ್ಲ ನನ್ನ ಕೈಯ ಚಾ ಲೋಟ ಅರ್ಧ ದಾರಿಯಲ್ಲಿ ನಿಲ್ಲುತ್ತದೆ.

ನಾನು ಟಿಂಕರ್. ಕಾರು, ಜೀಪುಗಳ ಮೈ ತಗ್ಗಿದಲ್ಲಿ ಬಡಿದು ಎಬ್ಬಿಸುವುದು, ತುಕ್ಕು ತಿಂದಲ್ಲಿ ಹಳೆಯ ತಗಡು ಕತ್ತರಿಸಿ ಹೊಸದನ್ನು ಬೆಸೆಯುವುದು ನನ್ನ ಕಸುಬು. ಕಸುಬಾಗಿತ್ತು ಎನ್ನಬೇಕು, ಈಗ ನಾನು ಬಗ್ಗಿದರೆ ನನ್ನನ್ನೇ ಎಬ್ಬಿಸಲು ಇಬ್ಬರು ಬೇಕು. ಈ ಕಸುಬಿನವರು ಅಯಸ್ಕಾಂತಕ್ಕೆ ಹೆದರುವಷ್ಟು ಪೊಲೀಸರಿಗೂ ಹೆದರುವುದಿಲ್ಲ. ಬಣ್ಣ ಬಿದ್ದ ಮೇಲೆ ಕಾರಿನ ಮೈಯಲ್ಲಿ ಎಲ್ಲಿ ತಗಡಿದೆ, ಎಲ್ಲಿ ಪುಟ್ಟಿ ಇದೆ ಎಂದು ತಿಳಿಯುವುದು ಕಷ್ಟ. ಪುಟ್ಟಿ ಎಂದರೆ ತಗ್ಗು ಮುಚ್ಚಲು ಹಚ್ಚುವ ಲೇಪ. ಹಚ್ಚುವಾಗ ಬೆಣ್ಣೆ, ಒಣಗಿದ ಮೇಲೆ ಕಲ್ಲು. ಕಣ್ಣು ಮೋಸ ಹೋಗುತ್ತದೆ, ಅಯಸ್ಕಾಂತ ಹೋಗುವುದಿಲ್ಲ. ತಗಡಾದರೆ ಟಕ್ ಎಂದು ಹಿಡಿಯುತ್ತದೆ. ದಪ್ಪ ಪುಟ್ಟಿಯಾದರೆ ಕಾಲ ಬುಡಕ್ಕೆ ಬೀಳುತ್ತದೆ. ಅದಕ್ಕೆ ಬಾಯಿಲ್ಲ, ಹಾಗಾಗಿ ಸುಳ್ಳೂ ಇಲ್ಲ. ನನಗೆ ಬಾಯಿ ಇತ್ತು.

ಸಣ್ಣವನಿದ್ದಾಗ ಅಯಸ್ಕಾಂತವೆಂದರೆ ನನಗೆಷ್ಟು ಪ್ರೀತಿ! ನಮ್ಮ ಇಗರ್ಜಿಯ ಹಬ್ಬಕ್ಕೆ ಬರುತ್ತಿದ್ದ ಮೈಕಿನವನು ಒಮ್ಮೆ ಸುಟ್ಟುಹೋದ ಸ್ಪೀಕರೊಂದನ್ನು ಹಿಂದಿನ ಹಿತ್ತಿಲಿಗೆ ಎಸೆದು ಹೋಗಿದ್ದ. ಅದನ್ನು ಒಡೆದು ಒಳಗಿನ ಅಯಸ್ಕಾಂತ ತೆಗೆದು, ಹಗ್ಗ ಕಟ್ಟಿ, ಕಡಲ ಬದಿಯ ಹೊಯ್ಗೆಯಲ್ಲಿ ನಾಯಿಮರಿಯ ಹಾಗೆ ಎಳೆದುಕೊಂಡು ತಿರುಗುತ್ತಿದ್ದೆ. ಕರಿ ಹೊಯ್ಗೆ ಅದಕ್ಕೆ ಅಂಟಿ ಗಡ್ಡ ಬೆಳೆಯುತ್ತಿತ್ತು. ಗಡ್ಡ ಬೋಳಿಸಿ ಬಾಟಲಿಗೆ ತುಂಬಿಸುವುದು, ಮತ್ತೆ ಎಳೆಯುವುದು. ಒಂದು ಹಡಗು ಕಟ್ಟುವಷ್ಟು ಕಬ್ಬಿಣ ಕೂಡಿಸುವ ಅಂದಾಜಿತ್ತು. ಬಾಟಲಿ ಮುಕ್ಕಾಲು ತುಂಬಿದ ದಿನ ಅಮ್ಮ ಅದನ್ನು ಸುರಿದು ಬೂತಾಯಿ ಮೀನಿನ ಪಾತ್ರೆ ತಿಕ್ಕಿದಳು. ಪಾತ್ರೆ ಹೊಳೆಯಿತು, ಹಡಗು ಮುಳುಗಿತು.

ಹತ್ತನೆಯ ತರಗತಿ ಪಾಸು ಮಾಡಿ ಮಂಗಳೂರಿನ ಒಂದು ಬಸ್ ಬಾಡಿ ಕಟ್ಟುವ ಶೆಡ್ಡಿಗೆ ಸೇರಿದೆ. ಆಗ ವೆಲ್ಡಿಂಗ್ ಎಂದರೆ ಗ್ಯಾಸ್ ವೆಲ್ಡಿಂಗ್. ಡ್ರಮ್ಮಿನಲ್ಲಿ ಕಾರ್ಬೈಡ್ ಕಲ್ಲಿಗೆ ನೀರು ಬಿಟ್ಟರೆ ಏಳುವ ಗ್ಯಾಸು, ಜೊತೆಗೆ ಸಿಲಿಂಡರಿನ ಆಕ್ಸಿಜನ್, ಎರಡೂ ಸೇರಿ ನೀಲಿ ನಾಲಗೆಯ ಜ್ವಾಲೆ. ಡ್ರಮ್ಮಿನ ತಳದಲ್ಲಿ ಉಳಿಯುವ ಬಿಳಿ ಕೆಸರು ಒಳ್ಳೆಯ ಸುಣ್ಣ. ಮುಂದೆ ನಾನು ನಮ್ಮೂರು ಮಂಗಲ್ಪಾಡಿಯಲ್ಲಿ ಸ್ವಂತ ಶೆಡ್ಡು ಹಾಕಿದಾಗ ಸುತ್ತಲಿನ ತೆಂಗಿನ ಮರಗಳೆಲ್ಲ ನನ್ನ ಖರ್ಚಿನಲ್ಲಿ ಬಿಳಿ ಸಾಕ್ಸು ಹಾಕಿಕೊಂಡಿದ್ದವು. ವಾಸನೆಯ ಬಗ್ಗೆ ಹೇಳದಿರುವುದು ಲೇಸು. ಮದುವೆಯಾದ ಹೊಸತರಲ್ಲಿ ಜುಲಿಯಾನಾ ಮೂಗು ಮುಚ್ಚಿಕೊಂಡು, “ನಿಮ್ಮನ್ನು ಮದುವೆಯಾದೆನಾ, ಕಾರ್ಬೈಡಿನಲ್ಲಿ ಬಾಳೆಕಾಯಿ ಹಣ್ಣು ಮಾಡುವ ಗೋಡೌನನ್ನಾ?” ಎಂದಿದ್ದಳು.

ನನಗೆ ಕಲಿಸಿದ ಮೇಸ್ತ್ರಿಯದು ಒಂದೇ ಮಂತ್ರ: “ಜ್ವಾಲೆ ಹಿಡಿದ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಕೈ ಎತ್ತಬಾರದು. ಎತ್ತಿದವ ಗಂಡಸಲ್ಲ.” ಬಸ್ಸಿನ ದಪ್ಪ ತಗಡಿಗೆ ಅದು ಸರಿ. ಸ್ವಲ್ಪ ಅಲೆ ಬಂದರೂ ಬಸ್ಸಿನ ಮೈ ಯಾರು ನೋಡುತ್ತಾರೆ? ನಾನು ಮಾತ್ರ ಆ ಮಂತ್ರವನ್ನು ಜೀವಮಾನಕ್ಕೆಲ್ಲ ಗಂಟು ಹಾಕಿಕೊಂಡೆ.

ಇನ್ನು ಸಂಜೀವನ ವಿಷಯ. ಅವನೂ ನಾನೂ ಶಾಲೆಯಲ್ಲಿ ಒಂದೇ ಬೆಂಚು. ಅವನ ಮನೆಮಾತು ತುಳು, ನನ್ನದು ಕೊಂಕಣಿ. ಜಗಳ ಮಾತ್ರ ಕನ್ನಡದಲ್ಲಿ, ಇಬ್ಬರಿಗೂ ಬೈಗುಳ ಸಮಸಮವಾಗಿ ಬರುತ್ತಿದ್ದದ್ದು ಅದರಲ್ಲೇ. ಅವನು ಶಾರ್ಜಾಕ್ಕೆ ಹೋಗಿ, ಹಳೆಯ ಕಾರುಗಳ ಹುಚ್ಚಿರುವ ಶ್ರೀಮಂತರ ಗಾಡಿಗಳನ್ನು ಹೊಸತಿನಂತೆ ಮಾಡಿಕೊಡುವ ಗ್ಯಾರೇಜಿನಲ್ಲಿ ದುಡಿದ. ತೊಂಬತ್ತರ ದಶಕ ಅರ್ಧ ಕಳೆದಿದ್ದಾಗ ಒಂದು ದಿನ ಮರಳಿ ಬಂದ. ಜೊತೆಗೆ ಸಿ.ಒ.ಟು ವೆಲ್ಡಿಂಗಿನ ಒಂದು ಸೆಟ್ಟು. ಹೆದ್ದಾರಿಯ ಬದಿಗೆ, ಬಂದ್ಯೋಡಿನಲ್ಲಿ ಶೆಡ್ಡು ಹಾಕಿದ.

“ಇನ್ನು ಹೋಗುವುದಿಲ್ಲ ಲಾದ್ರು,” ಎಂದ ನನ್ನ ಹತ್ತಿರ. “ಬಂದ ದಿನ ನನ್ನ ಮಗಳು ನನ್ನನ್ನು ನೋಡಿ ಒಳಗೆ ಓಡಿ, ‘ಅಮ್ಮಾ, ಯಾರೋ ಮಾಮ ಬಂದಿದ್ದಾರೆ’ ಅಂದಳು ಮಾರಾಯಾ. ಸಾಕು ನನಗೆ ಗಲ್ಫು.”

ಆ ಸೆಟ್ಟು ನೋಡಲು ಊರೇ ಬಂತು. ನಾನೂ ಹೋದೆ, ನೋಡದವನ ಹಾಗೆ ನೋಡಲು.

“ಇದರಲ್ಲಿ ತಂತಿ ತಾನೇ ಬರ್ತದೆ,” ಎಂದು ತೋರಿಸಿದ ಸಂಜೀವ. “ಈ ಗನ್ನಿನ ಕುದುರೆ ಒತ್ತಿದರೆ ಒಂದು ಚುಕ್ಕೆ. ಬಿಡಬೇಕು. ಇನ್ನೊಂದು ತುದಿಗೆ ಹೋಗಿ ಅಲ್ಲಿ ಒಂದು. ಆಮೇಲೆ ನಡುವಿನಲ್ಲಿ. ಕೈ ಇಟ್ಟು ನೋಡಿ, ತಣಿದ ಮೇಲೆ ಮುಂದಿನ ಚುಕ್ಕೆ. ಹೀಗೆ ಚುಕ್ಕೆಗೆ ಚುಕ್ಕೆ ಕೂಡಿದರೆ ಗೆರೆ.”

“ಇದು ವೆಲ್ಡಿಂಗಾ, ರಂಗೋಲಿಯಾ?”

“ಕಾರಿನದ್ದು ತೆಳು ತಗಡು ಲಾದ್ರು. ಒಂದೇ ಸಮನೆ ಬೆಂಕಿ ತೋರಿಸಿದರೆ ಹಪ್ಪಳ ಆಗ್ತದೆ.”

“ನಿನ್ನ ಕೈಯಲ್ಲಿ ಆಗಬಹುದು. ನನ್ನ ಕೈಯಲ್ಲಿ ಆಗುವುದಿಲ್ಲ.”

ಅವನು ನಕ್ಕ. ಅವನು ಹಾಗೆ ಸುಮ್ಮನೆ ನಗುವುದು ನನಗೆ ಶಾಲೆಯಿಂದಲೂ ಆಗುತ್ತಿರಲಿಲ್ಲ.

ನಮ್ಮಿಬ್ಬರನ್ನೂ ಪರೀಕ್ಷೆಗೆ ಕೂರಿಸಿದವರು ಸೆವ್ರಿನಾ ಬಾಯಮ್ಮ. ಕಡಲಿಗೆ ಹೋಗುವ ದಾರಿಯಲ್ಲಿ ಅವರ ಮನೆ. ತೀರಿಹೋದ ಗಂಡನ ಕಪ್ಪು ಮೋರಿಸ್ ಮೈನರ್ ಕಾರು ಅಲ್ಲೇ ತೆಂಗಿನ ಮಡಲಿನ ಚಪ್ಪರದಡಿ ನಿಂತಿತ್ತು. ಎರಡೇ ಬಾಗಿಲಿನ ಆ ಕಾರಿನಲ್ಲೇ ಬಾಯಮ್ಮ ಮದುಮಗಳಾಗಿ ಇಗರ್ಜಿಗೆ ಹೋಗಿದ್ದರಂತೆ. ಮಗಳು ರೀಟಾಳೂ ಅದರಲ್ಲೇ ಹೋಗಬೇಕೆಂದು ಅವರ ಹಟ. ಎಂಜಿನ್ ಗಟ್ಟಿಯಿತ್ತು. ಹಿಂದಿನ ಸೀಟಿನಲ್ಲಿ ಒಂದು ಹೇಂಟೆ ಮೊಟ್ಟೆ ಇಟ್ಟು ಕಾವಿಗೆ ಕೂತಿತ್ತು. ನಾನು ಇಣುಕಿದರೆ ಕಾರಿನ ಆರ್‌ಸಿ ತನ್ನ ಹೆಸರಿನಲ್ಲಿರುವಂತೆ ಕೊಕ್ಕರಿಸಿತು. ಉಪ್ಪುಗಾಳಿ ತಿಂದದ್ದು ಎರಡೂ ಬಾಗಿಲುಗಳ ಕೆಳಗಿನ ಅರ್ಧ. ಬೆರಳಿಟ್ಟರೆ ಬೆರಳು ಒಳಗೆ.

“ಮದುವೆಗೆ ಮೂರು ವಾರ ಉಂಟು,” ಎಂದರು ಬಾಯಮ್ಮ. “ಒಬ್ಬನಿಂದ ಆಗುವ ಕೆಲಸ ಅಲ್ಲ. ಒಂದು ಬಾಗಿಲು ನೀನು ಮಾಡು, ಒಂದು ಸಂಜೀವ ಮಾಡಲಿ. ಯಾರದ್ದು ಚಂದ ಅಂತ ನಾನು ನೋಡ್ತೇನೆ.”

ಕಾರು ನನ್ನ ಶೆಡ್ಡಿಗೆ ಬಂತು. ಬಲ ಬಾಗಿಲು ಬಿಚ್ಚಿಸಿಕೊಂಡು ರಿಕ್ಷಾದಲ್ಲಿ ಸಂಜೀವನಲ್ಲಿಗೆ ಹೋಯಿತು. ಎಡದ್ದು ನನಗೆ. ಅದರಲ್ಲೂ ನನಗೆ ಹೆಮ್ಮೆ. ಮದುಮಗಳು ಹತ್ತಿ ಇಳಿಯುವುದು ಎಡಬದಿಯಲ್ಲಿ.

ಆ ಬಾಗಿಲನ್ನು ಬೆಸೆದ ಬೆಳಿಗ್ಗೆಯನ್ನು ನಾನು ಮರೆಯಲಾರೆ. ತುಕ್ಕು ತಿಂದ ಅರ್ಧವನ್ನು ಕತ್ತರಿಸಿ ತೆಗೆದೆ. ಇಪ್ಪತ್ತು ಗೇಜಿನ ತೆಳು ಹೊಸ ತಗಡನ್ನು ಕೂದಲೆಳೆ ಸಂದಿಲ್ಲದಂತೆ ಜೋಡಿಸಿದೆ. ಜ್ವಾಲೆ ಹಿಡಿದವನು ಕೈ ಎತ್ತಲಿಲ್ಲ. ಈ ತುದಿಯಿಂದ ಆ ತುದಿಗೆ ಒಂದೇ ಗೆರೆ, ಹೊಲಿಗೆ ಮೆಷಿನಿನಲ್ಲಿ ಹೊಲಿದ ಹಾಗೆ. ಮೇಸ್ತ್ರಿ ನೋಡಿದ್ದರೆ ಕಣ್ಣೀರು ಹಾಕುತ್ತಿದ್ದರು. ಬೀಡಿ ಹಚ್ಚಿ ಕೂತೆ. ಬೀಡಿ ಅರ್ಧವಾಗುವಷ್ಟರಲ್ಲಿ ತಗಡು ತಣಿಯತೊಡಗಿತು. ನೋಡುತ್ತಿದ್ದ ಹಾಗೆ ನನ್ನ ಗೆರೆ ಸೊಟ್ಟ ತಿರುಗಿ, ಬಾಗಿಲು ಹೊಟ್ಟೆ ಬಿಟ್ಟಿತು. ಅಂಗೈಯಿಂದ ಒತ್ತಿದೆ. ‘ಡಬಕ್’ ಎಂದು ಹೊಟ್ಟೆ ಒಳಗೆ ಹೋಯಿತು. ಕೈ ತೆಗೆದೆ. ‘ಡಬಕ್’ ಎಂದು ಹೊರಗೆ ಬಂತು.

ಹೀಗಾದರೆ ಹೊಟ್ಟೆಯನ್ನು ಅಲ್ಲಲ್ಲಿ ಕೆಂಪಗೆ ಕಾಯಿಸಿ ಒದ್ದೆ ಗೋಣಿ ಒತ್ತಿ ಕುಗ್ಗಿಸುವ ಉಪಾಯ ಒಂದಿದೆ. ಅದನ್ನೂ ಮಾಡಿದೆ. ಒಂದು ಕಡೆ ಕುಗ್ಗಿದ ಹೊಟ್ಟೆ ಇನ್ನೊಂದು ಕಡೆ ಎದ್ದಿತು. ಮೂರು ದಿನ ನನ್ನ ಶೆಡ್ಡಿನಲ್ಲಿ ಡಬಕ್ ಡಬಕ್ ಬಿಟ್ಟರೆ ಬೇರೆ ಸದ್ದಿಲ್ಲ.

“ಎಂತ ಅದು, ಶೆಡ್ಡಿನಲ್ಲಿ ಕಪ್ಪೆ ಸಾಕಿದ್ದೀರಾ?” ಎಂದು ಅಡುಗೆಮನೆಯಿಂದ ಜುಲಿಯಾನಾ ಕೂಗಿದಳು.

ಬಂದ್ಯೋಡಿಗೆ ಹೋಗಿ “ಸಂಜೀವಾ, ಹಪ್ಪಳ ಆಯಿತು ಮಾರಾಯಾ” ಎಂದಿದ್ದರೆ ಒಂದು ದಿನದ ತಮಾಷೆಯಲ್ಲಿ ಮುಗಿಯುತ್ತಿತ್ತು. ನಾನು ಹೋದದ್ದು ಉಪ್ಪಳದ ಅಂಗಡಿಗೆ, ಪುಟ್ಟಿ ತರಲು. ನಾಲ್ಕು ಕಿಲೋ. ದೋಸೆ ಹಿಟ್ಟಿನಂತೆ ಹಚ್ಚಿದೆ, ಉಜ್ಜಿದೆ, ಮತ್ತೆ ಹಚ್ಚಿದೆ. ಕೆಲವು ಕಡೆ ಒಂದು ಬೆರಳು ದಪ್ಪ. ಸಂಜೀವ ತನ್ನ ಬಾಗಿಲು ತಂದು ಜೋಡಿಸಿದ ದಿನ ನನ್ನ ಬಾಗಿಲಿಗೆ ಕೈ ಚಾಚಿದ.

“ಮುಟ್ಟಬೇಡ! ಪ್ರೈಮರ್ ಒಣಗಿಲ್ಲ,” ಎಂದೆ. ಪ್ರೈಮರ್ ಒಣಗಿ ಎರಡು ದಿನವಾಗಿತ್ತು.

ಕಪ್ಪು ಬಣ್ಣ ಬಿದ್ದ ಮೇಲೆ ಎರಡು ಬಾಗಿಲೂ ಕನ್ನಡಿ. ಕಾರನ್ನು ಬಾಯಮ್ಮನ ಅಂಗಳಕ್ಕೆ ಒಯ್ದಾಗ ಅವರು ಎಡದ ಬಾಗಿಲನ್ನು ಒಮ್ಮೆ ಹಾಕಿ ನೋಡಿದರು. ‘ದಢಂ’ ಎಂದಿತು. “ಆಹಾ, ಎಂಥ ತೂಕ! ಹಳೆ ಕಾಲದ ವಿಲಾಯತಿ ಮಾಲು ಅಂದರೆ ಇದು,” ಎಂದರು. ಯಾವ ಬಾಗಿಲು ಯಾರದೆಂದು ಅವರು ಕೇಳಲಿಲ್ಲ. ನಾನು ಹೇಳಲೂ ಇಲ್ಲ.

ಮದುವೆಯ ಬೆಳಿಗ್ಗೆ ಕಾರು ಅಂಗಳದಲ್ಲಿ ನಿಂತಿತ್ತು. ಬ್ಯಾಂಡಿನವರು ತುತ್ತೂರಿ ಒರೆಸುತ್ತಿದ್ದರು. ಬಾಯಮ್ಮನ ತಂಗಿ ಕುವೈತಿನಿಂದ ಒಂದು ಡಬ್ಬಿ ತುಂಬ ಸ್ಯಾಟಿನ್ ಗುಲಾಬಿಗಳನ್ನು ತಂದಿದ್ದರು. ಪ್ರತಿ ಹೂವಿನ ಬೆನ್ನಿಗೂ ಒಂದೊಂದು ಅಯಸ್ಕಾಂತ. “ಟೇಪು ಬೇಡ, ದಾರ ಬೇಡ, ಪೈಂಟಿಗೆ ಕಲೆ ಇಲ್ಲ,” ಎನ್ನುತ್ತ ಬಲ ಬಾಗಿಲಿಗೆ ಅಂಟಿಸಿದರು. ಟಕ್, ಟಕ್, ಟಕ್. ನಾನು ಡಬ್ಬಿಯಲ್ಲಿ ಮಿಕ್ಕ ಗುಲಾಬಿಗಳನ್ನು ಎಣಿಸಿದೆ.

ಅವರು ಸುತ್ತು ಹಾಕಿ ಎಡಕ್ಕೆ ಬಂದರು. ಮೊದಲ ಗುಲಾಬಿ ಅಂಗಳಕ್ಕೆ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದನ್ನು ಸೆರಗಿನಲ್ಲಿ ಒರೆಸಿ ಒತ್ತಿ ಹಿಡಿದರು; ಕೈ ತೆಗೆದರು; ಅದೂ ಬಿತ್ತು.

“ಇದೆಂತ, ಈ ಬಾಗಿಲಿಗೆ ಹೂ ಬೇಡವಾ?”

ಬ್ಯಾಂಡಿನವರು ತುತ್ತೂರಿ ಒರೆಸುವುದನ್ನು ನಿಲ್ಲಿಸಿದರು. ಬಿಳಿ ಸೀರೆ ಉಟ್ಟ ರೀಟಾ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ಬಾಯಮ್ಮ ನನ್ನ ಕಡೆ ತಿರುಗಿದರು. “ಲಾದ್ರು, ಈ ಬಾಗಿಲು ಯಾರು ಮಾಡಿದ್ದು?”

“ಅದು ಸಂಜೀವ ಮಾಡಿದ್ದು ಬಾಯಮ್ಮಾ,” ಎಂದೆ.

ಅಷ್ಟಕ್ಕೆ ನಿಲ್ಲಬಹುದಿತ್ತು. ಜ್ವಾಲೆ ಹಿಡಿದರೆ ತುದಿ ಮುಟ್ಟುವ ತನಕ ಕೈ ಎತ್ತದವನಲ್ಲವೇ ನಾನು? “ಅವನದ್ದು ಸಿ.ಒ.ಟು ವೆಲ್ಡಿಂಗ್ ನೋಡಿ. ಆ ಗ್ಯಾಸಿಗೆ ಕಬ್ಬಿಣದ ಎಳೆತ ಎಲ್ಲ ಹೋಗ್ತದೆ. ಬಲದ್ದು ನಾನು ಮಾಡಿದ್ದು, ಹೇಗೆ ಹಿಡಿದಿದೆ ಕಾಣಿ.”

ಎಡದ ಬಾಗಿಲಿಗೆ ಹೂಗಳನ್ನು ದಾರದಲ್ಲಿ ಕಟ್ಟಿದರು. ರೀಟಾ ಹತ್ತಿದಳು, ಬಾಗಿಲು ದಢಂ ಎಂದಿತು, ಬ್ಯಾಂಡು ಬಾರಿಸಿತು. ಮಧ್ಯಾಹ್ನ ಸಂಜೀವ ಹೆಂಡತಿ ಮಗಳ ಸಮೇತ ಊಟಕ್ಕೆ ಬಂದ. ಮದುವೆಯ ಮನೆಯಲ್ಲಿ ಬೇಸರದ ಮಾತು ಬೇಡವೆಂದು ಯಾರೂ ಅವನಿಗೆ ಏನೂ ಹೇಳಲಿಲ್ಲ. ಆ ದಿನ ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿತ್ತು. ಇಳಿಯಿತು. ಹಂದಿಮಾಂಸ ಮೂರು ಸಲ ಹಾಕಿಸಿಕೊಂಡೆ.

ಬಂದ್ಯೋಡಿನಲ್ಲಿ ಇಳಿದ ಸುಳ್ಳಿಗೆ ಮುಂದಿನ ಬಸ್ಸು ಕಾಯುವ ಕಷ್ಟವಿಲ್ಲ. ಮೋನುಕಾಕನ ಚಾದ ಹೋಟೆಲಿನಲ್ಲಿ ಅದು ಬೆಳಿಗ್ಗೆ ಪರೋಟದ ಜೊತೆ ಬಡಿಸಲ್ಪಟ್ಟು, ಸಂಜೆಗೆ ಉಪ್ಪಳ ದಾಟಿತ್ತು. ಬಾಗಿಲು, ಗುಲಾಬಿ ಎಲ್ಲ ದಾರಿಯಲ್ಲೇ ಉದುರಿ ಒಂದೇ ಮಾತು ಉಳಿದಿತ್ತು: ಗಲ್ಫಿನ ಗ್ಯಾಸು ಕಬ್ಬಿಣದ ಜೀವ ಹೀರುತ್ತದಂತೆ. ವಾರ ಕಳೆದು ದೂರದ ವಿದ್ಯಾನಗರದ ಕಚೇರಿಯ ಗುಮಾಸ್ತರೊಬ್ಬರು ಜಜ್ಜಿದ ಕಾರು ತಂದು, “ನಿಮ್ಮಲ್ಲಿ ಆ ಎಳೆತ ಹೋಗುವ ವೆಲ್ಡಿಂಗ್ ಇಲ್ಲ ಅಲ್ವಾ?” ಎಂದು ನನ್ನನ್ನೇ ಕೇಳಿದರು. ನನ್ನ ಶೆಡ್ಡಿನಲ್ಲಿ ಕಾರುಗಳ ಸಾಲು. ಸಂಜೀವ ಪಾಪ, ಒಂದು ಅಯಸ್ಕಾಂತ ಹಿಡಿದು ತಾನು ಬೆಸೆದ ತಗಡಿಗೆಲ್ಲ ಅಂಟಿಸಿ ತೋರಿಸಿದ. ಜನ ತಲೆಯಾಡಿಸಿ, “ಹೊಸತರಲ್ಲಿ ಹಿಡಿಯುತ್ತದೆ. ಆರು ತಿಂಗಳಾಗಲಿ ನೋಡುವಾ,” ಎಂದರು. ಇಂಥ ಮಾತಿಗೆ ಎದುರಾಡಲು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ.

ಆರು ತಿಂಗಳಾದ ಮೇಲೆ ಒಂದು ಶನಿವಾರ ಸಂಜೀವ ನನ್ನ ಶೆಡ್ಡಿಗೆ ಬಂದ. ಡ್ರಮ್ಮಿನ ಮೇಲೆ ಕೂತ.

“ಲಾದ್ರು, ನನ್ನ ಸೆಟ್ಟು ನೀನು ಇಟ್ಟುಕೊಳ್ತೀಯಾ? ಶಾರ್ಜಾದಿಂದ ವೀಸಾ ಬಂದಿದೆ. ಇಲ್ಲಿ ಕೆಲಸ ಇಲ್ಲ.”

“ಮಗಳು?” ಎಂದೆ.

“ಈಗೀಗ ಅಪ್ಪಾ ಅಂತ ಕರೆಯಲು ಶುರು ಮಾಡಿದ್ದಾಳೆ. ಎಂತ ಮಾಡುವುದು, ಇನ್ನೊಮ್ಮೆ ಮರೆಯುತ್ತಾಳೆ.” ಡ್ರಮ್ಮಿಗೆ ಅಂಟಿದ ಸುಣ್ಣವನ್ನು ಉಗುರಿನಿಂದ ಕೆರೆಯುತ್ತ ಹೇಳಿದ, “ಊರಿಡೀ ನನ್ನ ಕೆಲಸಕ್ಕೆ ಹೆಸರಿಟ್ಟಿತು. ನೀನೊಬ್ಬ ಮಾತ್ರ ಒಂದು ಕೆಟ್ಟ ಮಾತು ಹೇಳಿದ್ದು ನಾನು ಕೇಳಲಿಲ್ಲ ಮಾರಾಯಾ. ಅದಕ್ಕೇ ನಿನ್ನ ಹತ್ತಿರ ಬಂದದ್ದು.”

ಅವನು ಹೋದ ಮೇಲೆ ನಾನು ಕೈಕಾಲು ತೊಳೆದು ಇಗರ್ಜಿಗೆ ನಡೆದೆ. ಶನಿವಾರ ಸಂಜೆ ಪಾಪನಿವೇದನೆಯ ಹೊತ್ತು. ಈ ಆರು ತಿಂಗಳು ನಾನು ತಪ್ಪಿಸಿದವನಲ್ಲ. ಪ್ರತಿ ಸಲವೂ ಜಾಲರಿಯ ಕಿಂಡಿಗೆ ಬಾಯಿಟ್ಟು, “ಒಂದು ಸುಳ್ಳು ಹೇಳಿದ್ದೇನೆ ಫಾದರ್,” ಎಂದು ಗಡಿಬಿಡಿಯಲ್ಲಿ ಮುಗಿಸುತ್ತಿದ್ದೆ. ಪುಟ್ಟಿ ಹಚ್ಚಿ ಬಣ್ಣ ಬಳಿದ ಪಾಪ. ಆ ದಿನ ಮಾತ್ರ ಬಾಗಿಲು, ಗುಲಾಬಿ, ಸಂಜೀವನ ಮಗಳು, ಎಲ್ಲ ಹೇಳಿದೆ. ಕಿಂಡಿಯ ಆಚೆ ಮೂಗು ಎಳೆದ ಸದ್ದಾಯಿತು. ಪಾದ್ರಿಗಳು ಕಣ್ಣೀರಿಟ್ಟರೋ ಏನೋ ಎಂದುಕೊಂಡೆ.

“ಲಾದ್ರು,” ಎಂದರು ಕೊನೆಗೆ. “ನಮ್ಮ ಜೀಪಿನ ಬೋನೆಟ್ಟು ಕೂಡ ನೀನೇ ಅಲ್ವಾ ಮಾಡಿದ್ದು?”

“ಹೌದು ಫಾದರ್.”

“ಅದರಲ್ಲಿ?”

“ಅದು ತಗಡೇ ಫಾದರ್. ಬಲಬದಿಯಲ್ಲಿ ಸ್ವಲ್ಪ ಪುಟ್ಟಿ.”

“ಸ್ವಲ್ಪ ಅಂದರೆ?”

“ಒಂದು ಕಿಲೋ.”

ಆಚೆಯಿಂದ ಒಂದು ನಿಟ್ಟುಸಿರು. “ಇಷ್ಟು ದಿನ ನಿನಗೆ ಮೂರು ಮೂರು ಜಪ ಕೊಟ್ಟು ಕಳಿಸಿದ್ದು ನನ್ನ ತಪ್ಪು. ಇನ್ನು ಜಪ ಬೇಡ. ಆ ಬಾಗಿಲು ಬಿಚ್ಚಿ ಸಂಜೀವನ ಎದುರು ಇಡು. ಆಮೇಲೆ ಬಾ, ಬೋನೆಟ್ಟು ನೋಡುವಾ.”

ಮರುದಿನ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಬಾಯಮ್ಮನ ಮನೆಗೆ ಹೋದೆ. ಅವರು ಅಂಗಳದ ಚಾಪೆಯಲ್ಲಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ನಿಂತಲ್ಲೇ ಹೇಳಿದೆ. ಬಾಯಮ್ಮ ಕೈಯಲ್ಲಿದ್ದ ಹಪ್ಪಳವನ್ನು ಮೆಲ್ಲಗೆ ಚಾಪೆಯಲ್ಲಿಟ್ಟರು.

“ನನ್ನ ಮಗಳು ಇಗರ್ಜಿಗೆ ಹೊರಟು ನಿಂತಾಗ, ಅವಳ ಕಾರಿನ ಎದುರು ಸುಳ್ಳು ಹೇಳಿದ್ದಾ ನೀನು?”

“ಹೌದು ಬಾಯಮ್ಮಾ.”

“ಹಂದಿಮಾಂಸ ಮೂರು ಸಲ ಹಾಕಿಸಿಕೊಂಡಾಗಲೂ ಗೊತ್ತಿತ್ತಾ?”

ಅವರು ಎಣಿಸಿದ್ದರು! “ಗೊತ್ತಿತ್ತು,” ಎಂದೆ.

“ಬಿಚ್ಚು ಬಾಗಿಲು.”

ಬಿಚ್ಚಿದೆ. ರಿಕ್ಷಾ ತರುತ್ತೇನೆ ಎಂದಾಗ ಬಾಯಮ್ಮ ಸೊಂಟಕ್ಕೆ ಕೈ ಇಟ್ಟರು. “ರಿಕ್ಷಾ ಎಂತಕ್ಕೆ? ಹೆಗಲು ಉಂಟಲ್ಲ. ನಡಕೊಂಡು ಹೋಗು. ದಾರಿಯಲ್ಲಿ ಯಾರು ಕೇಳಿದರೂ ಇದ್ದದ್ದು ಇದ್ದ ಹಾಗೆ ಹೇಳ್ತಾ ಹೋಗು.”

ಬಾಯಮ್ಮನ ಮನೆಯಿಂದ ಬಂದ್ಯೋಡಿಗೆ ಒಂದೂವರೆ ಮೈಲಿ. ಗಾಜು ಇಳಿಸಿ, ಕಿಟಕಿಯ ಕಿಂಡಿಯಲ್ಲಿ ತಲೆ ತೂರಿಸಿ, ಬಾಗಿಲನ್ನು ಹೆಗಲಿಗೆ ಏರಿಸಿಕೊಂಡು ಹೊರಟೆ. ಅರ್ಧ ಫರ್ಲಾಂಗಿನಲ್ಲೇ ಗೊತ್ತಾಯಿತು, ಆ ನಾಲ್ಕು ಕಿಲೋ ಪುಟ್ಟಿಯನ್ನು ಇಷ್ಟು ಧಾರಾಳವಾಗಿ ಹಚ್ಚಬಾರದಿತ್ತು ಎಂದು.

“ಎಂತ ಲಾದ್ರು, ಉಳಿದ ಕಾರು ಹಿಂದಿನಿಂದ ಬರ್ತದಾ?” ಎಂದು ಮೊದಲು ಕೇಳಿದವನು ಮೀನಿನ ಸೈಕಲ್ಲಿನವನು. ಅವನಿಗೆ ಬೆನ್ನು ಹಾಕಿ ಮುಂದೆ ನಡೆದೆ. ಎರಡನೆಯವರಿಗೆ ತಡವರಿಸಿದೆ. ಐದನೆಯವರಿಗೆ ನಿರಾಳವಾಗಿ ಬಂತು. ಪ್ರತಿಯೊಬ್ಬರಿಗೆ ಹೇಳಿ ಮುಗಿಸುವಾಗಲೂ ಬಾಗಿಲು ಇಳಿಸಿ ದಣಿವಾರಿಸಿಕೊಳ್ಳುವ ಅವಕಾಶ ಇತ್ತಲ್ಲ, ಹಾಗಾಗಿ ಯಾರಾದರೂ ಕೇಳಲಿ ಎಂದು ನಾನೇ ಕಾಯತೊಡಗಿದೆ. ಒಂಬತ್ತನೆಯವರಿಗೆ ಹೇಳುವಾಗ ನಾಲ್ಕು ಕಿಲೋ ಪುಟ್ಟಿ ಆರು ಕಿಲೋ ಆಗಿತ್ತು. ತಪ್ಪೊಪ್ಪಿಗೆಯಲ್ಲೂ ಬಣ್ಣ ಬಳಿಯುವ ಜಾತಿ ನಮ್ಮದು. ನೆನಪಾದ ಕೂಡಲೇ ಅವರನ್ನು ಕೂಗಿ ಕರೆದು, “ನಾಲ್ಕು, ನಾಲ್ಕೇ ಕಿಲೋ!” ಎಂದು ತಿದ್ದಿದೆ.

ಬಂದ್ಯೋಡು ತಲುಪುವಾಗ ನನ್ನ ಹಿಂದೆ ಏಳೆಂಟು ಜನರ ಮೆರವಣಿಗೆ. ಮೋನುಕಾಕ ಚಾದ ಜರಡಿ ಹಿಡಿದೇ ರಸ್ತೆಗೆ ಬಂದರು.

“ಹಾಗಾದರೆ ಸಂಜೀವನ ಗ್ಯಾಸಿನಿಂದ ಎಂತದೂ ಆಗಿಲ್ವಾ?”

“ಎಂತದೂ ಇಲ್ಲ ಕಾಕಾ. ಕಿಚ್ಚು ಇದ್ದದ್ದು ನನ್ನ ಹೊಟ್ಟೆಯಲ್ಲಿ.”

ಸಂಜೀವ ಶೆಡ್ಡಿನೊಳಗೆ ಸೆಟ್ಟನ್ನು ಗೋಣಿಯಲ್ಲಿ ಕಟ್ಟುತ್ತಿದ್ದ. ನಾನು ಬಾಗಿಲನ್ನು ಅವನ ಮುಂದೆ ಒರಗಿಸಿ ಹನ್ನೆರಡನೆಯ ಸಲ ಎಲ್ಲ ಹೇಳಿದೆ. ಅವನು ಎದ್ದು, ಕಿಸೆಯಿಂದ ಆ ಅಯಸ್ಕಾಂತ ತೆಗೆದು ಬಾಗಿಲಿಗಿಟ್ಟ. ಬಿತ್ತು. ಹೆಕ್ಕಿ ಇನ್ನೊಂದು ಕಡೆ ಇಟ್ಟ. ಬಿತ್ತು. ನಾನು ಅವನ ಮುಖ ನೋಡಿದೆ; ಅಲ್ಲಿ ನಗು ಇರಲಿಲ್ಲ.

“ಆರು ತಿಂಗಳು, ಲಾದ್ರು.”

“ಹೌದು.”

“ನಿನ್ನೆ ನಿನ್ನ ಡ್ರಮ್ಮಿನ ಮೇಲೆ ಕೂತು ನಾನು ಹೇಳಿದ್ದನ್ನೆಲ್ಲ ಕೇಳಿ ಸುಮ್ಮನಿದ್ದಿ.”

ಅವನು ಒಂದು ಉಳಿ, ಒಂದು ಸುತ್ತಿಗೆ ತಂದು ನನ್ನ ಕೈಗಿಟ್ಟ.

“ಕೆತ್ತು,” ಎಂದ.

ನೆಲದಲ್ಲಿ ಕೂತು ಕೆತ್ತಿದೆ. ಪುಟ್ಟಿ ಚೂರು ಚೂರಾಗಿ ಹಾರಿತು. ಮೋನುಕಾಕ ಕಳಿಸಿದ ಚಾ ಸಂಜೀವನಿಗೆ ಮಾತ್ರ ಬಂತು. ಮಧ್ಯಾಹ್ನ ದಾಟಿ, ಕೊನೆಯ ಚೂರೂ ಬಿದ್ದು, ನನ್ನ ಸೊಟ್ಟ ಗೆರೆ, ಉಬ್ಬಿದ ತಗಡು, ಸುಟ್ಟ ಕಲೆಗಳು ಎಲ್ಲ ಬಿಸಿಲಿಗೆ ಬಂದವು. ಸಂಜೀವ ಬಗ್ಗಿ ಹೆಬ್ಬೆರಳಿನಿಂದ ಒತ್ತಿದ.

ಡಬಕ್.

ಕೈ ತೆಗೆದ. ಡಬಕ್.

ಇನ್ನೊಮ್ಮೆ ಒತ್ತಿದ. ಡಬಕ್. ಅವನ ಮೀಸೆಯ ಒಂದು ತುದಿ ಅಲುಗಿತು. ಮತ್ತೊಮ್ಮೆ ಒತ್ತಿದ. ಆಮೇಲೆ ತಡೆಯಲಾರದೆ ಬಾಗಿಲ ಮೇಲೆಯೇ ಬಿದ್ದು ನಕ್ಕ. “ಇದು ಬಾಗಿಲಲ್ಲ ಮಾರಾಯಾ, ಮದ್ದಳೆ! ಇದನ್ನು ಕಟ್ಟಿಕೊಂಡು ಆ ಹುಡುಗಿ ಮದುವೆಗೆ ಹೋದಳಾ!” ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಶಾಲೆಯಿಂದಲೂ ನನಗಾಗದಿದ್ದ ಆ ನಗು ಆ ದಿನ ಕಿವಿಗೆ ಎಷ್ಟು ಹಿತವಾಗಿತ್ತು ಎಂದು ಹೇಳಿ ಮುಗಿಸಲಾರೆ.

ಗೋಣಿ ಬಿಚ್ಚಿ ಸೆಟ್ಟು ಹೊರಗೆ ಬಂತು. ನನ್ನ ತಗಡನ್ನು ಕತ್ತರಿಸಿ ಎಸೆದು ಹೊಸದನ್ನಿಟ್ಟೆವು. ಈ ಸಲ ಗನ್ನು ನನ್ನ ಕೈಯಲ್ಲಿ, ಮಂತ್ರ ಅವನದು. ಈ ತುದಿಗೆ ಒಂದು ಚುಕ್ಕೆ, ಆ ತುದಿಗೆ ಒಂದು, ನಡುವಿಗೆ ಒಂದು. “ಕೈ ಇಡು. ಬಿಸಿ ಉಂಟಾ? ಹಾಗಾದರೆ ಕೂತುಕೋ.” ಕೂರುವುದು. ತಗಡು ತಣಿಯುವ ತನಕ ಏನು ಮಾಡುವುದು? ಮಾತು. ಶಾಲೆಯ ಬೆಂಚು, ನನ್ನ ಹಡಗಿನ ಕಬ್ಬಿಣ, ಶಾರ್ಜಾದಲ್ಲಿ ಅವನು ಮಗಳ ಫೋಟೋಕ್ಕೆ ಗುಡ್ ನೈಟ್ ಹೇಳುತ್ತಿದ್ದದ್ದು. ಮತ್ತೆ ಒಂದು ಚುಕ್ಕೆ. ಬಾಗಿಲು ಮುಗಿಯಲು ಎರಡು ದಿನ ಹಿಡಿಯಿತು. ಎರಡನೆಯ ದಿನ ಮೋನುಕಾಕನ ಚಾ ನನಗೂ ಬಂತು.

ಬಣ್ಣ ಒಣಗಿ ಬಾಗಿಲು ಕಾರಿಗೆ ಸೇರಿದ ಸಂಜೆ ಬಾಯಮ್ಮ ಒಳಗಿನಿಂದ ಒಂದು ಸ್ಯಾಟಿನ್ ಗುಲಾಬಿ ತಂದರು. ಬಾಗಿಲ ಹತ್ತಿರ ಹಿಡಿದರು. ಅದು ಅವರ ಕೈಯಿಂದ ಹಾರಿ ಹೋಗಿ ಅಂಟಿತು, ಟಕ್! ಬಾಯಮ್ಮ ಅದನ್ನು ಮೇಲೆ, ಕೆಳಗೆ, ಮೂಲೆ ಮೂಲೆಗೆ ಇಟ್ಟು ನೋಡಿದರು. ಟಕ್, ಟಕ್, ಟಕ್. ನಂತರ ನನ್ನ ಕೈಗೆ ಕೊಟ್ಟು, “ಇಟ್ಟುಕೋ. ಮರೆತು ಹೋಗಬಾರದಲ್ಲ,” ಎಂದರು.

ವೀಸಾದ ಕಾಗದವನ್ನು ಸಂಜೀವ ಏನು ಮಾಡಿದನೋ ನಾನು ಕೇಳಲಿಲ್ಲ. ಅವನು ವಿಮಾನ ಹತ್ತಬೇಕಿದ್ದ ದಿನ ನಾವಿಬ್ಬರೂ ಪಾದ್ರಿಗಳ ಜೀಪಿನ ಬೋನೆಟ್ಟು ಕೆತ್ತುತ್ತಿದ್ದೆವು, ಅವನ ಮಗಳು ಊಟದ ಬುತ್ತಿ ಹಿಡಿದು ಬಂದು, “ಅಪ್ಪಾ, ಅಮ್ಮ ಬೇಗ ಬರಲು ಹೇಳಿದ್ದಾಳೆ,” ಎಂದು ರಸ್ತೆಯಿಂದಲೇ ಕೂಗಿದ್ದು ನೆನಪಿದೆ. ನನ್ನ ಶೆಡ್ಡಿನ ಸಾಲು ಕಾರುಗಳು ಒಂದೊಂದಾಗಿ ಬಂದ್ಯೋಡಿಗೆ ಹೋದವು. ಕೊನೆಗೆ ನಾನೂ ಅಲ್ಲಿಗೇ ಹೋದೆ. ಅವನು ಬೆಸೆಯುವುದು, ನಾನು ಬಡಿದು ಎಬ್ಬಿಸುವುದು.

ಈಗ ಇಬ್ಬರದೂ ಕೈ ನಡುಗುತ್ತದೆ. ಆದಿತ್ಯವಾರ ಮಧ್ಯಾಹ್ನ ಸಂಜೀವ ನಮ್ಮಲ್ಲಿಗೆ ಊಟಕ್ಕೆ ಬರುತ್ತಾನೆ. ಬಂದವನು ಕೈ ತೊಳೆಯುವುದಕ್ಕೂ ಮೊದಲು ಫ್ರಿಜ್ಜಿನಿಂದ ಆ ಅಯಸ್ಕಾಂತ ಕಿತ್ತು ತಂದು, ನನ್ನ ಎದೆಗೆ ಒತ್ತಿ ಹಿಡಿದು, ಕೈ ಬಿಡುತ್ತಾನೆ. ಅದು ನನ್ನ ಕಾಲ ಬುಡಕ್ಕೆ ಬೀಳುತ್ತದೆ.

“ಒಳಗೆ ಇನ್ನೂ ಪುಟ್ಟಿಯೇ ಉಂಟು ಮಾರಾಯಾ,” ಎನ್ನುತ್ತಾನೆ. “ಬರುವ ವಾರ ನೋಡುವಾ.”